ಮೊದಲ ಫುಟ್‌ಬಾಲ್ ವಿಶ್ವಕಪ್, ಅದಕ್ಕೂ ಮುಂಚಿನ ಟೂರ್ನಿಗಳು, ಆಡಿದ ಆಟಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವಕಪ್ ಹತ್ತಿರ ಬಂದಾಗಲೆಲ್ಲ 1930ರ ಉರುಗ್ವೆ ಟೂರ್ನಿಯ ಬಗ್ಗೆ ಒಂದೆರಡು ಸಾಲು ಓದುತ್ತೇವೆ: 13 ತಂಡಗಳು, ಉರುಗ್ವೆ ಚಾಂಪಿಯನ್, ಅಲ್ಲಿಗೆ ಮುಗಿಯಿತು. ಆಡಿದವರು ಯಾರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು, ವಾರಗಟ್ಟಲೆ ಕೆಲಸ ಬಿಟ್ಟು ಹೇಗೆ ಬಂದರು ಎಂದು ಕೇಳುವವರು ಕಡಿಮೆ. ಆದರೆ ಆ ಕಾಲದ ಟೂರ್ನಿಗಳಲ್ಲಿ ಯಾರು ಆಡಿದರು ಎಂಬುದನ್ನು ಪ್ರತಿಭೆ ಎಷ್ಟು ತೀರ್ಮಾನಿಸುತ್ತಿತ್ತೋ ರಜೆ, ಹಡಗಿನ ಖರ್ಚು, ಕೈತಪ್ಪುವ ಸಂಬಳ ಕೂಡ ಅಷ್ಟೇ ತೀರ್ಮಾನಿಸುತ್ತಿದ್ದವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಆ ಟೂರ್ನಿಗಳ ಎಷ್ಟೋ ವಿಚಿತ್ರಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲ ಅಂತರರಾಷ್ಟ್ರೀಯ ಪಂದ್ಯ ಯಾವುದು? ಮೊದಲ ಟೂರ್ನಿ ಯಾವುದು?

1872ರ ನವೆಂಬರ್ 30ರಂದು ಗ್ಲಾಸ್ಗೊದ ಒಂದು ಕ್ರಿಕೆಟ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಆಡಿದ್ದು ಮೊದಲ ಪಂದ್ಯ. ಗೋಲಿಲ್ಲದೆ ಡ್ರಾ ಆಯಿತು. 1883-84ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸೇರಿ ಆಡಿದ ಚಾಂಪಿಯನ್‌ಷಿಪ್ಪೇ ಮೊದಲ ಅಂತರರಾಷ್ಟ್ರೀಯ ಟೂರ್ನಿ. ಅದನ್ನು ಸ್ಕಾಟ್ಲೆಂಡ್ ಗೆದ್ದಿತು.

ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲ್ ಯಾವಾಗಿನಿಂದ ಇದೆ?

1900ರ ಪ್ಯಾರಿಸ್ ಮತ್ತು 1904ರ ಸೇಂಟ್ ಲೂಯಿಯಲ್ಲೂ ಫುಟ್‌ಬಾಲ್ ಇತ್ತು, ಆದರೆ ಆಡಿದ್ದು ಕ್ಲಬ್ಬುಗಳು. ಪ್ಯಾರಿಸ್‌ನಲ್ಲಿ ಬ್ರಿಟನ್ ಹೆಸರಲ್ಲಿ ಆಡಿದ್ದು ಅಪ್ಟನ್ ಪಾರ್ಕ್ ಎಂಬ ಕ್ಲಬ್, ಸೇಂಟ್ ಲೂಯಿಯಲ್ಲಿ ಗೆದ್ದದ್ದು ಕೆನಡಾದ ಗಾಲ್ಟ್ ಕ್ಲಬ್. ದೇಶದ ತಂಡಗಳು ಆಡಿದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ಆ ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ಡೆನ್ಮಾರ್ಕನ್ನು 2-0ಯಿಂದ ಸೋಲಿಸಿತು. ಬ್ರಿಟನ್ ನಾಯಕ ವಿವಿಯನ್ ವುಡ್‌ವರ್ಡ್ ವೃತ್ತಿಯಲ್ಲಿ ಆರ್ಕಿಟೆಕ್ಟ್. ಟಾಟೆನ್‌ಹ್ಯಾಮ್, ಚೆಲ್ಸಿಯಂಥ ಕ್ಲಬ್ಬುಗಳಿಗೆ ಹವ್ಯಾಸಿಯಾಗಿಯೇ ಆಡಿದವರು.

ಆ ಡೆನ್ಮಾರ್ಕ್ ತಂಡವನ್ನು ನಾನು ಬಹಳ ಇಷ್ಟಪಡುತ್ತೇನೆ. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 17-1. ಸೋಫಸ್ ನೀಲ್ಸನ್ ಒಬ್ಬರೇ 10 ಗೋಲು ಹೊಡೆದರು. ಅದೇ ತಂಡದ ಹಾಫ್‌ಬ್ಯಾಕ್ (ಮಧ್ಯದ ಸಾಲಿನ ಆಟಗಾರ) ಹ್ಯಾರಾಲ್ಡ್ ಬೋರ್ ಮುಂದೆ ದೊಡ್ಡ ಗಣಿತಜ್ಞರಾದರು. ಪಿಯುಸಿ ಪುಸ್ತಕದಲ್ಲಿ ಪರಮಾಣು ಮಾದರಿಯ ಜೊತೆ ಬರುವ ನೀಲ್ಸ್ ಬೋರ್ ಇವರ ಅಣ್ಣ. ಅಣ್ಣನೂ ಕೋಪನ್‌ಹೇಗನ್‌ನ ಕ್ಲಬ್ ಒಂದರಲ್ಲಿ ಗೋಲ್‌ಕೀಪರ್. ಒಲಿಂಪಿಕ್ ಬೆಳ್ಳಿ ಗೆದ್ದು ಎರಡು ವರ್ಷಕ್ಕೆ ಹ್ಯಾರಾಲ್ಡ್ ತಮ್ಮ ಡಾಕ್ಟರೇಟ್ ಪ್ರಬಂಧ ಮಂಡಿಸಿದಾಗ ಸಭಾಂಗಣದಲ್ಲಿ ಗಣಿತದವರಿಗಿಂತ ಫುಟ್‌ಬಾಲ್ ಅಭಿಮಾನಿಗಳೇ ಹೆಚ್ಚಿದ್ದರಂತೆ.

1912ರ ಸ್ಟಾಕ್‌ಹೋಮ್‌ನಲ್ಲೂ ಇದೇ ಎರಡು ತಂಡಗಳ ಫೈನಲ್, ಬ್ರಿಟನ್‌ಗೆ 4-2ರ ಗೆಲುವು. ಜರ್ಮನಿಯ ಗಾಟ್‌ಫ್ರೀಡ್ ಫುಕ್ಸ್ ರಷ್ಯಾ ವಿರುದ್ಧ 10 ಗೋಲು ಹೊಡೆದು ನೀಲ್ಸನ್ ದಾಖಲೆಯನ್ನು ಸರಿಗಟ್ಟಿದರು.

1920ರ ಫೈನಲ್ ಅರ್ಧಕ್ಕೇ ನಿಂತಿತಂತೆ, ನಿಜವೇ?

ನಿಜ. ಆಂಟ್‌ವರ್ಪ್‌ನಲ್ಲಿ ಆತಿಥೇಯ ಬೆಲ್ಜಿಯಂ 2-0 ಮುಂದಿದ್ದಾಗ ಚೆಕೊಸ್ಲೊವಾಕಿಯಾ ಆಟಗಾರರು ಇಂಗ್ಲಿಷ್ ರೆಫರಿ ಜಾನ್ ಲೂಯಿಸ್ ಅವರ ತೀರ್ಪುಗಳನ್ನು ಪ್ರತಿಭಟಿಸಿ ಮೈದಾನ ಬಿಟ್ಟು ಹೊರನಡೆದರು. ಚಿನ್ನ ಬೆಲ್ಜಿಯಂಗೆ ಹೋಯಿತು, ಚೆಕ್ ತಂಡವನ್ನು ಅನರ್ಹಗೊಳಿಸಲಾಯಿತು. ಬೆಳ್ಳಿ ಸಿಕ್ಕಿದ್ದು ಸ್ಪೇನ್‌ಗೆ; ಆ ತಂಡದ ಗೋಲ್‌ಕೀಪರ್ ರಿಕಾರ್ಡೊ ಸಮೋರಾ. ಈ ಕೂಟದಲ್ಲಿ ಈಜಿಪ್ಟ್ ಕೂಡ ಆಡಿತು ಎಂಬುದನ್ನು ಮರೆಯಬಾರದು. ಆಫ್ರಿಕಾದಿಂದ ಬಂದ ಮೊದಲ ತಂಡ ಅದು.

ಉರುಗ್ವೆಯಂಥ ಚಿಕ್ಕ ದೇಶ ಇಷ್ಟು ಬಲಶಾಲಿಯಾದದ್ದು ಹೇಗೆ?

ಉರುಗ್ವೆ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ಚಿಕ್ಕದು. ಆಗ ಜನಸಂಖ್ಯೆ ಇಪ್ಪತ್ತು ಲಕ್ಷದೊಳಗೆ. ಆದರೆ ಅಲ್ಲಿ ಫುಟ್‌ಬಾಲ್ ಬ್ರಿಟಿಷ್ ರೈಲ್ವೆಯವರ, ಶಾಲೆಗಳ ಅಂಗಳದಿಂದ ಬಹಳ ಬೇಗ ಬಡವರ ಬೀದಿಗೆ ಇಳಿಯಿತು. ಪಕ್ಕದಲ್ಲೇ ಅರ್ಜೆಂಟೀನಾ ಇದ್ದದ್ದರಿಂದ ವರ್ಷವಿಡೀ ಗಟ್ಟಿ ಎದುರಾಳಿ ಸಿಗುತ್ತಿತ್ತು. ದಕ್ಷಿಣ ಅಮೆರಿಕದ ಚಾಂಪಿಯನ್‌ಷಿಪ್ 1916ರಲ್ಲೇ ಬ್ಯೂನಸ್ ಐರಿಸ್‌ನಲ್ಲಿ ಶುರುವಾಗಿತ್ತು, ಮೊದಲನೆಯದನ್ನು ಉರುಗ್ವೆಯೇ ಗೆದ್ದಿತು. ಯುರೋಪ್ ದೇಶಗಳು ಮಹಾಯುದ್ಧದಲ್ಲಿ ಮುಳುಗಿದ್ದ ವರ್ಷಗಳಲ್ಲಿ ಇವರು ಟೂರ್ನಿ ಮೇಲೆ ಟೂರ್ನಿ ಆಡುತ್ತಿದ್ದರು.

1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗುವ ಮನಸ್ಸಾಯಿತು, ದುಡ್ಡಿರಲಿಲ್ಲ. ಫೆಡರೇಷನ್‌ನ ಅಟಿಲಿಯೊ ನರಾನ್ಸಿಯೊ ತಮ್ಮ ಮನೆಯನ್ನೇ ಅಡವಿಟ್ಟು ತಂಡವನ್ನು ಹಡಗು ಹತ್ತಿಸಿದರು. ತಂಡ ಮೊದಲು ಸ್ಪೇನ್‌ನಲ್ಲಿ ಇಳಿದು ಊರೂರು ಸುತ್ತಿ 9 ಪಂದ್ಯ ಆಡಿತು, ಒಂಬತ್ತನ್ನೂ ಗೆದ್ದಿತು. ಮುಂದಿನ ಖರ್ಚಿಗೆ ಆಸರೆಯಾದದ್ದು ಆ ಪಂದ್ಯಗಳ ಹಣ.

ಆ ತಂಡದಲ್ಲಿದ್ದವರನ್ನು ನೋಡಿ. ನಾಯಕ ಹೋಸೆ ನಸಾಸಿ ಅಮೃತಶಿಲೆ ಕತ್ತರಿಸುವ ಕೆಲಸಗಾರ. ಪೆಡ್ರೊ ಸೆಯಾ ಐಸ್ ಮಾರುತ್ತಿದ್ದರು. ಪೆಡ್ರೊ ಅರಿಸ್ಪೆ ಮಾಂಸದ ಕಾರ್ಖಾನೆಯಲ್ಲಿದ್ದರು. ಹೋಸೆ ಲಿಯಾಂಡ್ರೊ ಆಂದ್ರಾದೆ ಬೂಟ್ ಪಾಲಿಷ್ ಮಾಡಿದವರು, ಕಾರ್ನಿವಲ್‌ನಲ್ಲಿ ವಾದ್ಯ ನುಡಿಸುತ್ತಿದ್ದವರು. ಇವರು ಪ್ಯಾರಿಸ್‌ನಲ್ಲಿ ಯುಗೊಸ್ಲಾವಿಯಾವನ್ನು 7-0, ಅಮೆರಿಕವನ್ನು 3-0, ಫ್ರಾನ್ಸನ್ನು 5-1, ನೆದರ್‌ಲೆಂಡ್ಸನ್ನು 2-1, ಫೈನಲ್‌ನಲ್ಲಿ ಸ್ವಿಟ್ಜರ್‌ಲೆಂಡನ್ನು 3-0ಯಿಂದ ಸೋಲಿಸಿದರು. ಯುರೋಪಿನವರು ಚೆಂಡನ್ನು ಎತ್ತಿ ಒದ್ದು ಹಿಂದೆ ಓಡುತ್ತಿದ್ದ ಕಾಲದಲ್ಲಿ ಇವರು ನೆಲದ ಮೇಲೆ ಸಣ್ಣ ಸಣ್ಣ ಪಾಸ್ ಕೊಟ್ಟುಕೊಂಡು ಆಡಿದರು. ಮೊದಲ ಪಂದ್ಯಕ್ಕೆ ಸ್ಟ್ಯಾಂಡುಗಳು ಬಹುತೇಕ ಖಾಲಿ. ಫೈನಲ್ ಹೊತ್ತಿಗೆ ಕೊಲೊಂಬ್ ಕ್ರೀಡಾಂಗಣ ತುಂಬಿ ತುಳುಕಿತು. ಗೆದ್ದ ಮೇಲೆ ಇಡೀ ತಂಡ ಮೈದಾನಕ್ಕೆ ಒಂದು ಸುತ್ತು ಹಾಕಿ ಜನರಿಗೆ ಕೈಬೀಸಿತು. ಗೆದ್ದ ತಂಡ ಹೀಗೆ ಸುತ್ತು ಹಾಕುವ ಪದ್ಧತಿ ನೆಲೆಯೂರಿದ್ದು ಅಲ್ಲಿಂದ.

ಆಂದ್ರಾದೆ ಯಾಕೆ ಅಷ್ಟು ಮುಖ್ಯ?

ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಜಗತ್ತಿನ ಕಣ್ಣು ಸೆಳೆದ ಮೊದಲ ಕಪ್ಪು ಆಟಗಾರ ಅವರು. ಪ್ಯಾರಿಸ್ ಪತ್ರಿಕೆಗಳು ಅವರನ್ನು ‘ಕಪ್ಪು ಅದ್ಭುತ’ ಎಂದು ಕರೆದವು. ಬಲಗಡೆಯ ಹಾಫ್ ಸ್ಥಾನದಲ್ಲಿ ನಿಂತು, ಮೈಗೆ ಮೈ ತಾಗಿಸದೆ, ಚೆಂಡನ್ನಷ್ಟೇ ಕಿತ್ತುಕೊಂಡು ಹೊರಡುವ ಆಟ ಅವರದು. 1924 ಮತ್ತು 1928ರ ಒಲಿಂಪಿಕ್ ಚಿನ್ನ, 1930ರ ವಿಶ್ವಕಪ್ ಮೂರರಲ್ಲೂ ಅವರಿದ್ದರು.

ಅವರಿಗಿಂತ ಮುಂಚಿನವರನ್ನೂ ನೆನೆಯಬೇಕು. 1916ರ ದಕ್ಷಿಣ ಅಮೆರಿಕ ಟೂರ್ನಿಯಲ್ಲಿ ಉರುಗ್ವೆ ಚಿಲಿಯನ್ನು 4-0ಯಿಂದ ಸೋಲಿಸಿದಾಗ, ಉರುಗ್ವೆ ಇಬ್ಬರು ಆಫ್ರಿಕನ್ನರನ್ನು ಆಡಿಸಿದೆ ಎಂದು ಚಿಲಿ ತಕರಾರು ತೆಗೆಯಿತು. ಆ ಇಬ್ಬರು ಇಸಬೆಲಿನೊ ಗ್ರಾದಿನ್ ಮತ್ತು ಹುವಾನ್ ಡೆಲ್ಗಾಡೊ, ಉರುಗ್ವೆಯಲ್ಲೇ ಹುಟ್ಟಿದವರು. ತಕರಾರು ನಿಲ್ಲಲಿಲ್ಲ, ಗ್ರಾದಿನ್ ಆ ಟೂರ್ನಿಯ ಅತಿ ಹೆಚ್ಚು ಗೋಲು ಹೊಡೆದ ಆಟಗಾರ. ಬೇರೆ ದೇಶಗಳು ಕಪ್ಪು ಆಟಗಾರರನ್ನು ಹತ್ತಿರ ಸೇರಿಸದ ಕಾಲದಲ್ಲಿ ಉರುಗ್ವೆ ಅವರನ್ನು ಆಡಿಸಿತು. ಆ ದೇಶದ ಎಲ್ಲ ಕಪ್‌ಗಳಿಗಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ. ಆದರೆ ಆಂದ್ರಾದೆಯ ಕೊನೆಗಾಲವನ್ನು ಆ ದೇಶ ಚೆನ್ನಾಗಿ ನೋಡಿಕೊಳ್ಳಲಿಲ್ಲ. 1957ರಲ್ಲಿ ಮಾಂಟೆವಿಡಿಯೊದಲ್ಲಿ ಕಡುಬಡತನದಲ್ಲಿ ತೀರಿಕೊಂಡರು. ಅವರ ಸಂಬಂಧಿಯಾದ ವಿಕ್ಟರ್ ರೊಡ್ರಿಗಸ್ ಆಂದ್ರಾದೆ 1950ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

ಒಲಿಂಪಿಕ್ಸ್ ಇರುವಾಗ ಬೇರೆ ವಿಶ್ವಕಪ್ ಯಾಕೆ ಬೇಕಾಯಿತು?

ಒಲಿಂಪಿಕ್ಸ್‌ನಲ್ಲಿ ಹವ್ಯಾಸಿಗಳು ಮಾತ್ರ ಆಡಬೇಕೆಂಬ ನಿಯಮ ಇತ್ತು. ಹವ್ಯಾಸಿ ಎಂದರೆ ಆಟದಿಂದ ದುಡ್ಡು ಮುಟ್ಟದವನು. ಹಣವಂತರ ಮನೆಯ ಹುಡುಗರಿಗೆ ಅದು ಕಷ್ಟವಲ್ಲ. ಕಾರ್ಖಾನೆ ಕೆಲಸಗಾರ ಒಂದು ತಿಂಗಳು ಟೂರ್ನಿಗೆ ಹೋದರೆ ಮನೆಯ ಒಲೆ ಉರಿಯುವುದು ಹೇಗೆ? ಅವನು ಕಳೆದುಕೊಂಡ ಕೂಲಿಯನ್ನು ಭರ್ತಿ ಮಾಡಿಕೊಡಬಹುದೇ ಎಂಬುದೇ 1920ರ ದಶಕದ ದೊಡ್ಡ ಜಗಳ. ಬ್ರಿಟನ್ನಿನ ನಾಲ್ಕು ಫೆಡರೇಷನ್‌ಗಳು ಕೂಡದು ಎಂದು ಹಟ ಹಿಡಿದು 1928ರಲ್ಲಿ ಜಗತ್ತಿನ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಬಿಟ್ಟು ಹೊರಬಂದವು. ವಾಪಸು ಸೇರಿದ್ದು 1946ರಲ್ಲಿ. ಮೊದಲ ಮೂರು ವಿಶ್ವಕಪ್‌ಗಳಲ್ಲಿ ಇಂಗ್ಲೆಂಡ್ ಕಾಣದಿರುವುದು ಇದಕ್ಕೇ.

1904ರಲ್ಲಿ ಪ್ಯಾರಿಸ್‌ನಲ್ಲಿ ಏಳು ದೇಶಗಳು ಸೇರಿ ಕಟ್ಟಿದ ಫಿಫಾಗೆ 1921ರಿಂದ ಫ್ರಾನ್ಸಿನ ಜೂಲ್ ರಿಮೆ ಅಧ್ಯಕ್ಷರು. ಹವ್ಯಾಸಿ, ವೃತ್ತಿಪರ ಎಂಬ ಭೇದವಿಲ್ಲದ ಟೂರ್ನಿ ಬೇಕೆಂಬ ಅವರ ಪ್ರಯತ್ನಕ್ಕೆ 1928ರ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮ್ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಊರಿನ ಒಲಿಂಪಿಕ್ಸ್ ಫೈನಲ್‌ನಲ್ಲಿ ಉರುಗ್ವೆ ಮತ್ತು ಅರ್ಜೆಂಟೀನಾ 1-1ರಿಂದ ಡ್ರಾ ಮಾಡಿಕೊಂಡು, ಮರುಪಂದ್ಯದಲ್ಲಿ ಉರುಗ್ವೆ 2-1ರಿಂದ ಗೆದ್ದಿತು. ಗೆಲುವಿನ ಗೋಲು ಹೆಕ್ಟರ್ ಸ್ಕರೋನೆಯದು.

ಮೊದಲ ವಿಶ್ವಕಪ್ ಉರುಗ್ವೆಗೇ ಯಾಕೆ ಸಿಕ್ಕಿತು?

ಎರಡು ಸಲದ ಒಲಿಂಪಿಕ್ ಚಾಂಪಿಯನ್. 1930ಕ್ಕೆ ದೇಶದ ಮೊದಲ ಸಂವಿಧಾನಕ್ಕೆ ನೂರು ತುಂಬುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬರುವ ತಂಡಗಳ ಪ್ರಯಾಣ, ಊಟ, ವಸತಿ ಖರ್ಚನ್ನೆಲ್ಲ ತಾನೇ ಕೊಡುತ್ತೇನೆ, ಹೊಸ ಕ್ರೀಡಾಂಗಣವನ್ನೂ ಕಟ್ಟಿಸುತ್ತೇನೆ ಎಂದಿತು. ಬೇರೆ ಯಾವ ದೇಶವೂ ಅಷ್ಟು ದೂರ ಹೋಗಲು ಸಿದ್ಧವಿರಲಿಲ್ಲ.

ಇಷ್ಟೆಲ್ಲ ಕೊಟ್ಟರೂ ಯುರೋಪಿನಿಂದ ನಾಲ್ಕೇ ತಂಡ ಬಂದದ್ದೇಕೆ?

ವಿಮಾನದಲ್ಲಿ ಹೋಗುವ ಮಾತೇ ಇರಲಿಲ್ಲ. ಹಡಗಿನಲ್ಲಿ ಹೋಗಲು ಎರಡು ವಾರ, ಬರಲು ಎರಡು ವಾರ, ನಡುವೆ ಟೂರ್ನಿ. ಕ್ಲಬ್ಬುಗಳು ಆಟಗಾರರನ್ನು ಅಷ್ಟು ದಿನ ಬಿಡಲಾರವು, ಕೆಲಸ ಕೊಟ್ಟವರು ರಜೆ ಕೊಡಲಾರರು. ಇಟಲಿ, ಸ್ಪೇನ್, ನೆದರ್‌ಲೆಂಡ್ಸ್, ಸ್ವೀಡನ್ ಇವೆಲ್ಲ ಆತಿಥ್ಯ ಕೇಳಿದ್ದವು; ಸಿಗದಿದ್ದಾಗ ತಂಡವನ್ನೂ ಕಳಿಸಲಿಲ್ಲ. ಕೊನೆಗೆ ಬಂದವು ಫ್ರಾನ್ಸ್, ಬೆಲ್ಜಿಯಂ, ರೊಮೇನಿಯಾ, ಯುಗೊಸ್ಲಾವಿಯಾ. ಈಜಿಪ್ಟ್ ಕೂಡ ಹೊರಟಿತ್ತು, ಬಿರುಗಾಳಿಯಿಂದ ಹಡಗು ತಪ್ಪಿತು.

ಫ್ರಾನ್ಸ್, ಬೆಲ್ಜಿಯಂ, ರೊಮೇನಿಯಾ ಮೂರೂ ‘ಕೊಂತೆ ವೆರ್ದೆ’ ಎಂಬ ಒಂದೇ ಹಡಗಿನಲ್ಲಿ ಹೋದವು. ಜಿನೋವಾದಲ್ಲಿ ರೊಮೇನಿಯಾದವರು ಹತ್ತಿದರು, ವಿಲ್‌ಫ್ರಾಂಷ್‌ನಲ್ಲಿ ಫ್ರಾನ್ಸಿನವರು, ಬಾರ್ಸಿಲೋನಾದಲ್ಲಿ ಬೆಲ್ಜಿಯಂನವರು. ಜೂಲ್ ರಿಮೆ ಕಪ್ಪನ್ನು ಸಾಮಾನಿನ ಜೊತೆ ಇಟ್ಟುಕೊಂಡು ಅದರಲ್ಲೇ ಇದ್ದರು. ಫೈನಲ್‌ಗೆ ರೆಫರಿಯಾಗಲಿದ್ದ ಬೆಲ್ಜಿಯಂನ ಜಾನ್ ಲಾಂಗೆನಸ್ ಕೂಡ. ಮುಂದಿನ ವಾರ ಎದುರುಬದುರಾಗಬಹುದಾದವರು ಒಂದೇ ಡೆಕ್ ಮೇಲೆ ಓಡುತ್ತ, ಮೆಟ್ಟಿಲು ಹತ್ತಿಳಿಯುತ್ತ, ಹಗ್ಗ ನೆಗೆಯುತ್ತ ಮೈ ಸಡಿಲವಾಗದಂತೆ ನೋಡಿಕೊಂಡರು. ರಿಯೊದಲ್ಲಿ ಬ್ರೆಜಿಲ್ ತಂಡವೂ ಹತ್ತಿಕೊಂಡಿತು. ಜುಲೈ 4ರಂದು ಹಡಗು ಮಾಂಟೆವಿಡಿಯೊ ತಲುಪಿತು. ಯುಗೊಸ್ಲಾವಿಯಾದವರು ಮಾರ್ಸೇಯಿಂದ ‘ಫ್ಲೋರಿಡಾ’ ಎಂಬ ಬೇರೆ ಹಡಗಿನಲ್ಲಿ ಬಂದರು.

ರೊಮೇನಿಯಾ ತಂಡವನ್ನು ರಾಜನೇ ಆರಿಸಿದನಂತೆ?

ಆಗಷ್ಟೇ ಪಟ್ಟಕ್ಕೆ ಬಂದಿದ್ದ ಎರಡನೇ ಕ್ಯಾರೊಲ್ ರಾಜನಿಗೆ ಫುಟ್‌ಬಾಲ್ ಹುಚ್ಚು. ಒಂದೊಂದು ಹೆಸರನ್ನೂ ಅವನೇ ಬರೆದನೇ ಎಂಬುದಕ್ಕಿಂತ ದೊಡ್ಡ ಸಂಗತಿ, ಆಟಗಾರರಿಗೆ ಅವನು ರಜೆ ಕೊಡಿಸಿದ್ದು. ಕೆಲವರು ತೈಲ ಕಂಪನಿಯ ನೌಕರರು. ಹೋದರೆ ಕೆಲಸ ಹೋಗುತ್ತದೆ ಎಂದು ಕಂಪನಿ ಹೇಳಿದಾಗ ಅರಮನೆಯಿಂದಲೇ ಒತ್ತಡ ಬಂತು, ರಜೆ ಸಿಕ್ಕಿತು, ಕೆಲಸವೂ ಉಳಿಯಿತು.

ಈ ತಂಡದ ಆಲ್ಫ್ರೆಡ್ ಐಸೆನ್‌ಬೈಸರ್ ಅವರ ಕಥೆ ಕೇಳಿ. ವಾಪಸು ಬರುವಾಗ ಹಡಗಿನಲ್ಲಿ ನ್ಯುಮೋನಿಯಾ ಬಂದು ಜಿನೋವಾದಲ್ಲಿ ಆಸ್ಪತ್ರೆ ಸೇರಬೇಕಾಯಿತು. ತಂಡ ಅವರಿಲ್ಲದೆ ಊರಿಗೆ ಬಂದಾಗ ಸತ್ತೇ ಹೋದರೆಂಬ ಸುದ್ದಿ ಹಬ್ಬಿತು; ಮನೆಯವರು ಕರ್ಮಾಂತರಕ್ಕೂ ಅಣಿಯಾದರು. ಅಷ್ಟರಲ್ಲಿ ಅವರೇ ನಡೆದುಕೊಂಡು ಬಾಗಿಲಿಗೆ ಬಂದರು, ತಾಯಿ ನೋಡಿ ಮೂರ್ಛೆ ಹೋದರು. ಮುಂದೆ 1936ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್‌ನಲ್ಲೂ ಸ್ಪರ್ಧಿಸಿದರು.

ಉಳಿದ ದೇಶಗಳು ತಮ್ಮ ಪೂರ್ತಿ ಬಲದ ತಂಡ ಕಳಿಸಿದವೇ?

ಹೆಚ್ಚಿನವು ಇಲ್ಲ. ಬ್ರೆಜಿಲ್‌ನಲ್ಲಿ ರಿಯೊ ಮತ್ತು ಸಾವೊ ಪಾಲೊ ಫೆಡರೇಷನ್‌ಗಳ ಜಗಳದಿಂದ ಸಾವೊ ಪಾಲೊ ಆಟಗಾರರು ಬಹುತೇಕ ಹೊರಗುಳಿದರು. ಆ ಕಾಲದ ಅವರ ದೊಡ್ಡ ಹೆಸರು ಫ್ರೀಡೆನ್‌ರೀಚ್ ಹೀಗಾಗಿ ವಿಶ್ವಕಪ್ ಆಡಲೇ ಇಲ್ಲ. ಯುಗೊಸ್ಲಾವಿಯಾದಲ್ಲಿ ಫೆಡರೇಷನ್ ಕಚೇರಿ ಝಾಗ್ರೆಬ್‌ನಿಂದ ಬೆಲ್‌ಗ್ರೇಡ್‌ಗೆ ಹೋದದ್ದಕ್ಕೆ ಕ್ರೊಯೇಷಿಯಾದ ಆಟಗಾರರು ಬಹಿಷ್ಕಾರ ಹಾಕಿದರು. ಆದರೂ ಯುಗೊಸ್ಲಾವಿಯಾ ಬ್ರೆಜಿಲ್ ವಿರುದ್ಧ 2-1ರಿಂದ ಗೆದ್ದು ಸೆಮಿಫೈನಲ್ ತಲುಪಿತು. ಆತಿಥೇಯ ಉರುಗ್ವೆಯೇ ತನ್ನ ಹೆಸರಾಂತ ಗೋಲ್‌ಕೀಪರ್ ಮಸಾಲಿಯನ್ನು, ತರಬೇತಿ ಶಿಬಿರದಿಂದ ರಾತ್ರಿ ಹೊರಗೆ ಹೋದ ತಪ್ಪಿಗೆ, ತಂಡದಿಂದ ಕೈಬಿಟ್ಟಿತು. ಎರಡು ಒಲಿಂಪಿಕ್ ಚಿನ್ನ ಗೆದ್ದವರೆಂಬ ದಾಕ್ಷಿಣ್ಯವನ್ನೂ ನೋಡಲಿಲ್ಲ.

ಬೊಲಿವಿಯಾದವರ ಸೌಜನ್ಯ ಮರೆಯುವಂಥದ್ದಲ್ಲ. ಹನ್ನೊಂದು ಆಟಗಾರರೂ ಅಂಗಿಯ ಮೇಲೆ ಒಂದೊಂದು ಅಕ್ಷರ ಹೊಲಿಸಿಕೊಂಡು ಸಾಲಾಗಿ ನಿಂತರು. ಕೂಡಿಸಿ ಓದಿದರೆ ಉರುಗ್ವೆಗೆ ಜಯಕಾರ.

ವಿಶ್ವಕಪ್‌ನ ಮೊದಲ ಗೋಲು ಹೊಡೆದವರು ಯಾರು?

ಫ್ರಾನ್ಸಿನ ಲೂಸಿಯನ್ ಲೊರಾಂ. ಪೂಜೊ ಕಾರು ಕಾರ್ಖಾನೆಯ ನೌಕರ, ಆ ಕಂಪನಿಯ ಊರಾದ ಸೊಶೊ ಕ್ಲಬ್‌ನ ಆಟಗಾರ. ಅವರ ಅಣ್ಣ ಜಾನ್ ಕೂಡ ತಂಡದಲ್ಲಿದ್ದರು. 1930ರ ಜುಲೈ 13, ಅಲ್ಲಿ ಚಳಿಗಾಲ. ಪೊಸಿಟೋಸ್ ಮೈದಾನದಲ್ಲಿ ಮೆಕ್ಸಿಕೊ ಎದುರಾಳಿ. 19ನೇ ನಿಮಿಷದಲ್ಲಿ ಬಲಗಡೆಯಿಂದ ಲಿಬೆರಾಟಿ ಕೊಟ್ಟ ಪಾಸನ್ನು ಲೊರಾಂ ನೆಲಕ್ಕೆ ತಾಗುವ ಮುಂಚೆಯೇ ಒದ್ದು ಗೋಲಿನ ಮೂಲೆಗೆ ಸೇರಿಸಿದರು. ಅಭಿನಂದನೆ ಹೇಳಿ ಕೈಕುಲುಕಿದ್ದಷ್ಟೇ, ಆಟ ಮುಂದುವರಿಯಿತು. ಅದು ಚರಿತ್ರೆ ಎಂದು ಅಲ್ಲಿದ್ದ ಯಾರಿಗೂ ಅನಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ಫ್ರೆಂಚ್ ಗೋಲ್‌ಕೀಪರ್ ತೆಪೊ ತಲೆಗೆ ಒದೆ ಬಿದ್ದು ಹೊರಗೆ ಹೋದರು. ಬದಲಿ ಆಟಗಾರರನ್ನು ಇಳಿಸುವ ನಿಯಮವೇ ಇರಲಿಲ್ಲ. ಹಾಫ್ ಆಗಿದ್ದ ಶಾಂತ್ರೆಲ್ ಗೋಲಿನಲ್ಲಿ ನಿಂತರು, ಉಳಿದ ಹತ್ತು ಜನರಲ್ಲೇ ಫ್ರಾನ್ಸ್ 4-1ರಿಂದ ಗೆದ್ದಿತು. ಲೊರಾಂ 1998ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದದ್ದನ್ನು ಕಣ್ಣಾರೆ ಕಂಡರು. 1930ರ ಆ ತಂಡದಲ್ಲಿ ಆ ಭಾಗ್ಯ ಇದ್ದದ್ದು ಅವರೊಬ್ಬರಿಗೇ. 2005ರಲ್ಲಿ ತೀರಿಕೊಂಡರು.

ಅದೇ ತಂಡದ ನಾಯಕ ಅಲೆಕ್ಸ್ ವಿಲಾಪ್ಲಾನ್ ಮುಂದೆ ನಾಜಿಗಳ ಜೊತೆ ಸೇರಿ ಸ್ವಂತ ಜನರನ್ನೇ ಕೊಲ್ಲಿಸಿದ. ಫ್ರಾನ್ಸ್ ಬಿಡುಗಡೆಯಾದ ಮೇಲೆ, 1944ರ ಡಿಸೆಂಬರ್‌ನಲ್ಲಿ, ಅವನನ್ನು ಗುಂಡಿಟ್ಟು ಕೊಂದರು.

ಮೊದಲ ಹ್ಯಾಟ್ರಿಕ್ ಸ್ತಾಬಿಲೆಯದೋ, ಪೇಟನಾಡ್ ಅವರದೋ?

ಅಮೆರಿಕದ ಬರ್ಟ್ ಪೇಟನಾಡ್ ಅವರದು. ಜುಲೈ 17ರಂದು ಪರಾಗ್ವೆ ವಿರುದ್ಧ ಅಮೆರಿಕ ಹೊಡೆದ ಮೂರೂ ಗೋಲು ಅವರವೇ. ಅದರಲ್ಲೊಂದನ್ನು ದಾಖಲೆಗಳು ಬೇರೆಯವರ ಹೆಸರಿಗೆ ಬರೆದಿದ್ದರಿಂದ, ಎರಡು ದಿನದ ಬಳಿಕ ಮೆಕ್ಸಿಕೊ ವಿರುದ್ಧ ಹ್ಯಾಟ್ರಿಕ್ ಮಾಡಿದ ಅರ್ಜೆಂಟೀನಾದ ಗಿಲೆರ್ಮೊ ಸ್ತಾಬಿಲೆಗೇ ಬಹುಕಾಲ ಈ ಗೌರವ ಇತ್ತು. 2006ರಲ್ಲಿ ಫಿಫಾ ತಿದ್ದಿತು. ಹಳೆಯ ಕ್ವಿಜ್ ಪುಸ್ತಕಗಳಲ್ಲಿ ಇನ್ನೂ ತಪ್ಪು ಉತ್ತರವೇ ಇರುತ್ತದೆ.

ಸ್ತಾಬಿಲೆ ಮೈದಾನಕ್ಕೆ ಇಳಿದದ್ದು ಕೂಡ ರಜೆಯ ಕಥೆಯೇ. ನಾಯಕ ಮನುಯೆಲ್ ಫೆರೇರಾಗೆ ವಿಶ್ವವಿದ್ಯಾಲಯದ ಪರೀಕ್ಷೆ ಇತ್ತು. ಪಂದ್ಯ ಬಿಟ್ಟು ನದಿ ದಾಟಿ ಬ್ಯೂನಸ್ ಐರಿಸ್‌ಗೆ ಹೋದರು. ಆ ಜಾಗದಲ್ಲಿ, ದೇಶಕ್ಕೆ ಒಮ್ಮೆಯೂ ಆಡಿರದ ಸ್ತಾಬಿಲೆ. ಮೆಕ್ಸಿಕೊ ವಿರುದ್ಧ 3, ಚಿಲಿ ವಿರುದ್ಧ 2, ಅಮೆರಿಕ ವಿರುದ್ಧ 2, ಫೈನಲ್‌ನಲ್ಲಿ 1: ನಾಲ್ಕು ಪಂದ್ಯ, 8 ಗೋಲು, ಟೂರ್ನಿಯಲ್ಲೇ ಅತಿ ಹೆಚ್ಚು. ಆಮೇಲೆ ಅರ್ಜೆಂಟೀನಾಗೆ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಇಟಲಿಗೆ ಹೋದರು, ಬಹಳ ವರ್ಷಗಳ ನಂತರ ಅದೇ ಅರ್ಜೆಂಟೀನಾ ತಂಡದ ಕೋಚ್ ಆಗಿ ಹಲವು ದಕ್ಷಿಣ ಅಮೆರಿಕ ಪ್ರಶಸ್ತಿ ಗೆಲ್ಲಿಸಿದರು.

ಆರು ನಿಮಿಷ ಮುಂಚೆ ಸೀಟಿ ಊದಿದ ಪಂದ್ಯ ಯಾವುದು?

ಜುಲೈ 15ರ ಅರ್ಜೆಂಟೀನಾ–ಫ್ರಾನ್ಸ್ ಪಂದ್ಯ. 81ನೇ ನಿಮಿಷದಲ್ಲಿ ಲೂಯಿಸ್ ಮೊಂಟಿ ಗೋಲು ಹೊಡೆದು ಅರ್ಜೆಂಟೀನಾ 1-0 ಮುಂದೆ. ಸ್ವಲ್ಪದರಲ್ಲೇ ಫ್ರಾನ್ಸಿನ ಲಾಂಜಿಲೆ ಸಮ ಮಾಡಲು ಗೋಲಿನ ಕಡೆ ನುಗ್ಗುತ್ತಿದ್ದಾಗ ಬ್ರೆಜಿಲ್‌ನ ರೆಫರಿ ಆಟ ಮುಗಿಯಿತೆಂದು ಸೀಟಿ ಊದಿಬಿಟ್ಟರು. ಜನ ಮೈದಾನಕ್ಕೆ ನುಗ್ಗಿದರು, ಫ್ರೆಂಚರು ರೆಫರಿಯನ್ನು ಮುತ್ತಿಕೊಂಡರು. ತಪ್ಪು ಗೊತ್ತಾದ ಮೇಲೆ ಜನರನ್ನು ಹೊರಗೆ ಕಳಿಸಿ ಉಳಿದ ನಿಮಿಷಗಳನ್ನು ಆಡಿಸಿದರು. ಗೋಲು ಬರಲಿಲ್ಲ. ಫ್ರಾನ್ಸ್‌ಗೆ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ. ಕಳೆದ ನಿಮಿಷ ತಿರುಗಿ ಕೊಡಬಹುದು, ಆ ಓಟವನ್ನು ತಿರುಗಿ ಕೊಡಲಾಗದು.

ಆಗಿನ ಆಟ ಈಗಿನದಕ್ಕಿಂತ ಹೇಗೆ ಭಿನ್ನ?

ಬದಲಿ ಆಟಗಾರರಿಲ್ಲ, ಹಳದಿ–ಕೆಂಪು ಕಾರ್ಡ್ ಇಲ್ಲ (ಎರಡೂ ವಿಶ್ವಕಪ್‌ಗೆ ಬಂದದ್ದು 1970ರಲ್ಲಿ), ಬೆನ್ನಿನ ಮೇಲೆ ಸಂಖ್ಯೆಯೂ ಇಲ್ಲ. ಅರ್ಹತಾ ಸುತ್ತು ಇರಲಿಲ್ಲ, ಆಹ್ವಾನ ಒಪ್ಪಿದವರೆಲ್ಲ ಆಡಿದರು. 18 ಪಂದ್ಯ, 70 ಗೋಲು. ಮೂರನೇ ಸ್ಥಾನದ ಪಂದ್ಯ ನಡೆಯಲಿಲ್ಲ. ಚೆಂಡು ತೊಗಲಿನದು, ಮೇಲೆ ಲೇಸಿನ ಹೊಲಿಗೆ. ಮಳೆಯಲ್ಲಿ ನೆನೆದರೆ ಕಲ್ಲಿನಂತೆ ಭಾರ, ಹೊಲಿಗೆಯ ಮೇಲೆ ಹಣೆ ಕೊಟ್ಟರೆ ಗಾಯ.

ಎಲ್ಲ ಪಂದ್ಯವೂ ಮಾಂಟೆವಿಡಿಯೊದ ಮೂರು ಮೈದಾನಗಳಲ್ಲೇ. ಹುವಾನ್ ಸ್ಕಾಸೊ ವಿನ್ಯಾಸದ ಸೆಂಟೆನಾರಿಯೊ ಕ್ರೀಡಾಂಗಣ ಮಳೆಯಿಂದಾಗಿ ಟೂರ್ನಿಯ ಮೊದಲ ದಿನಕ್ಕೆ ಸಿದ್ಧವಾಗಲಿಲ್ಲ. ಜುಲೈ 18ರಂದು, ಸಂವಿಧಾನದ ಶತಮಾನೋತ್ಸವದ ದಿನವೇ, ಉರುಗ್ವೆ–ಪೆರು ಪಂದ್ಯದೊಂದಿಗೆ ತೆರೆಯಿತು. ಅಲ್ಲಿನ ಮೊದಲ ಗೋಲು ಹೆಕ್ಟರ್ ಕಾಸ್ಟ್ರೊ ಅವರದು.

ಒಂದೇ ಕೈ ಇದ್ದ ಆಟಗಾರ ಅವರೇನಾ?

ಅವರೇ. 13ನೇ ವಯಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ ವಿದ್ಯುತ್ ಗರಗಸಕ್ಕೆ ಸಿಕ್ಕಿ ಬಲಗೈಯನ್ನು ಮೊಣಕೈ ಕೆಳಗೆ ಕಳೆದುಕೊಂಡರು. ಹಾಗಿದ್ದೂ ಸೆಂಟರ್ ಫಾರ್ವರ್ಡ್ ಆಗಿ, ಗಾಳಿಯಲ್ಲಿ ಬರುವ ಚೆಂಡಿಗೆ ಎದೆಗೊಟ್ಟು ನೆಗೆಯುತ್ತಿದ್ದರು. 1928ರ ಒಲಿಂಪಿಕ್ ಚಿನ್ನವೂ ಅವರಲ್ಲಿತ್ತು. ಫೈನಲ್‌ನಲ್ಲಿ ಅವರು ಮಾಡಿದ್ದು ಮುಂದಿನ ಉತ್ತರದಲ್ಲಿದೆ.

1930ರ ಫೈನಲ್‌ನಲ್ಲಿ ಎರಡು ಚೆಂಡು ಬಳಸಿದ್ದೇಕೆ?

ಎರಡೂ ತಂಡಗಳು ತಮ್ಮ ದೇಶದಲ್ಲಿ ತಯಾರಾದ ಚೆಂಡೇ ಬೇಕೆಂದು ಹಟ ಮಾಡಿದವು. ಮೊದಲರ್ಧಕ್ಕೆ ಅರ್ಜೆಂಟೀನಾದ ಚೆಂಡು, ಎರಡನೇ ಅರ್ಧಕ್ಕೆ ಉರುಗ್ವೆಯದು ಎಂದು ತೀರ್ಮಾನವಾಯಿತು.

ಜುಲೈ 30, ಬುಧವಾರ. ಅರ್ಜೆಂಟೀನಾ ಅಭಿಮಾನಿಗಳು ಹಡಗು ಹಡಗಾಗಿ ಪ್ಲಾಟೆ ನದಿ ದಾಟಿ ಹೊರಟಿದ್ದರು, ಮಂಜಿನಲ್ಲಿ ಸಿಕ್ಕ ಎಷ್ಟೋ ಮಂದಿ ಪಂದ್ಯಕ್ಕೆ ತಲುಪಲಿಲ್ಲ. ಗೇಟಿನಲ್ಲಿ ಪೊಲೀಸರು ಆಯುಧಕ್ಕಾಗಿ ಪ್ರತಿಯೊಬ್ಬರನ್ನೂ ತಪಾಸಣೆ ಮಾಡಿದರು. ಮೊಂಟಿಗೆ ಕೊಲೆ ಬೆದರಿಕೆ ಬಂದಿತ್ತು. ರೆಫರಿ ಲಾಂಗೆನಸ್ ತಮ್ಮ ಭದ್ರತೆಯ ಖಾತ್ರಿ ಸಿಕ್ಕ ಮೇಲೆಯೇ ಒಪ್ಪಿ, ಕೋಟು, ಟೈ, ಮೊಣಕಾಲಿಗೆ ಬಿಗಿದ ಚಡ್ಡಿಯಲ್ಲಿ ಮೈದಾನಕ್ಕೆ ಇಳಿದರು.

12ನೇ ನಿಮಿಷದಲ್ಲಿ ಡೊರಾಡೊ ಗೋಲಿನಿಂದ ಉರುಗ್ವೆ ಮುಂದೆ. 20ಕ್ಕೆ ಪ್ಯೂಸೆಲ್ ಸಮ ಮಾಡಿದರು, 37ಕ್ಕೆ ಸ್ತಾಬಿಲೆ ಅರ್ಜೆಂಟೀನಾವನ್ನು ಮುಂದೆ ತಂದರು. ಆಫ್‌ಸೈಡ್ ಎಂದು ನಸಾಸಿ ವಾದಿಸಿದರೂ ಲಾಂಗೆನಸ್ ಜಗ್ಗಲಿಲ್ಲ. ವಿರಾಮಕ್ಕೆ 2-1. ಚೆಂಡು ಬದಲಾಯಿತು, ಆಟವೂ ಬದಲಾಯಿತು. 57ಕ್ಕೆ ಸೆಯಾ, 68ಕ್ಕೆ ಇರಿಯಾರ್ತೆ, ಕೊನೇ ಗಳಿಗೆಯಲ್ಲಿ, 89ಕ್ಕೆ, ಕಾಸ್ಟ್ರೊ ತಲೆಯಿಂದ. 4-2. ಮರುದಿನ ಉರುಗ್ವೆಗೆ ರಾಷ್ಟ್ರೀಯ ರಜೆ. ಬ್ಯೂನಸ್ ಐರಿಸ್‌ನಲ್ಲಿ ಉರುಗ್ವೆ ದೂತಾವಾಸ ಕಚೇರಿಗೆ ಕಲ್ಲು.

ಗೆದ್ದದ್ದು ಚೆಂಡಿನಿಂದ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಜೆಂಟೀನಾದ ವರಾಲ್ಲೊ ಮೊಣಕಾಲು ನೋವಿನಲ್ಲೇ ಆಡುತ್ತಿದ್ದರು, ಬದಲಿ ಇಳಿಸುವಂತಿರಲಿಲ್ಲ; ಎರಡನೇ ಅರ್ಧದಲ್ಲಿ ಅದರ ಬೆಲೆ ತೆರಬೇಕಾಯಿತು. ಆ ಫೈನಲ್ ಆಡಿದವರಲ್ಲಿ ಕೊನೆಯವರೆಗೆ ಬದುಕಿದ್ದವರೂ ಇದೇ ವರಾಲ್ಲೊ, 2010ರಲ್ಲಿ 100 ವರ್ಷ ತುಂಬಿದ ಮೇಲೆ ತೀರಿಕೊಂಡರು. ಮೊಂಟಿ ನಾಲ್ಕು ವರ್ಷಕ್ಕೆ ಇಟಲಿ ಪರವಾಗಿ ಮತ್ತೊಂದು ಫೈನಲ್ ಆಡಿ ಗೆದ್ದರು. ಎರಡು ದೇಶಗಳ ಪರ ವಿಶ್ವಕಪ್ ಫೈನಲ್ ಆಡಿದವರು ಅವರೊಬ್ಬರೇ.

ಉರುಗ್ವೆ 1934ರಲ್ಲಿ ಯಾಕೆ ಆಡಲಿಲ್ಲ? ಅವರ ಜೆರ್ಸಿಯಲ್ಲಿ ನಾಲ್ಕು ನಕ್ಷತ್ರ ಯಾಕೆ?

ಯುರೋಪ್ ತಮ್ಮಲ್ಲಿಗೆ ಬರಲಿಲ್ಲವೆಂಬ ಸಿಟ್ಟಿಗೆ ಉರುಗ್ವೆ ಇಟಲಿಗೆ ಹೋಗಲಿಲ್ಲ. ಪ್ರಶಸ್ತಿ ಉಳಿಸಿಕೊಳ್ಳಲು ಬಾರದ ಚಾಂಪಿಯನ್ ಅದೊಂದೇ. ನಕ್ಷತ್ರಗಳು 1924, 1928, 1930, 1950ರವು. ಮೊದಲೆರಡು ಒಲಿಂಪಿಕ್ಸ್ ಆದರೂ, ಆಗ ಅದಕ್ಕಿಂತ ದೊಡ್ಡ ಟೂರ್ನಿ ಇರಲಿಲ್ಲ.

ಏಷ್ಯಾದಿಂದ ವಿಶ್ವಕಪ್ ಆಡಿದ ಮೊದಲ ತಂಡ ಯಾವುದು?

ಇಂದಿನ ಇಂಡೊನೇಷ್ಯಾ, ಅಂದಿನ ಡಚ್ ಈಸ್ಟ್ ಇಂಡೀಸ್. ಜಪಾನ್ ಹಿಂದೆ ಸರಿದದ್ದರಿಂದ 1938ರಲ್ಲಿ ಫ್ರಾನ್ಸಿಗೆ ಹೋಯಿತು. ನಾಯಕ ಅಹ್ಮದ್ ನವೀರ್ ವೈದ್ಯಕೀಯ ಓದಿದವರು, ಕನ್ನಡಕ ಹಾಕಿಕೊಂಡೇ ಆಡುತ್ತಿದ್ದರು. ರಾಂಸ್‌ನಲ್ಲಿ ಹಂಗರಿ 6-0ಯಿಂದ ಗೆದ್ದಿತು. ನಾಕೌಟ್ ಟೂರ್ನಿ, ಒಂದೇ ಪಂದ್ಯಕ್ಕೆ ಅವರ ವಿಶ್ವಕಪ್ ಮುಗಿಯಿತು.

ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲವಂತೆ?

ಇದು ಕಟ್ಟುಕಥೆ, ಇನ್ನಾದರೂ ನಿಲ್ಲಬೇಕು. ಅರ್ಹತಾ ಗುಂಪಿನ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದವು, ಭಾರತಕ್ಕೆ ಸ್ಥಾನ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪು. ಪ್ರಯಾಣದ ಖರ್ಚಿನ ಬಹುಪಾಲನ್ನು ಬ್ರೆಜಿಲ್ ಹೊರಲು ಸಿದ್ಧವಿತ್ತು. ಆದರೆ ನಮ್ಮ ಫೆಡರೇಷನ್‌ಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಾಣಲಿಲ್ಲ. ಅಭ್ಯಾಸಕ್ಕೆ ಸಮಯವಿಲ್ಲ, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಹಡಗಿನ ಪ್ರಯಾಣ ದೀರ್ಘ ಎಂಬ ಕಾರಣಗಳು ಸೇರಿಕೊಂಡವು. ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಬರಿಗಾಲಿನ ಕಾರಣವನ್ನು ನಂತರ ಅಲ್ಲಗಳೆದರು. ಉರುಗ್ವೆಯ ನರಾನ್ಸಿಯೊ ಮನೆ ಅಡವಿಟ್ಟದ್ದನ್ನು ಓದಿದ ಮೇಲೆ ನಮ್ಮವರ ಈ ಉದಾಸೀನ ಇನ್ನಷ್ಟು ನೋಯಿಸುತ್ತದೆ.

ಆ ಕಾಲದ ಭಾರತ ತಂಡದಲ್ಲಿ ಬೆಂಗಳೂರಿನವರು ಇದ್ದರೇ?

ಇದ್ದರು, ಅದೂ ತಂಡದ ಬೆನ್ನೆಲುಬಾಗಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬಾಂಬೆಯ ರೋವರ್ಸ್ ಕಪ್ ಟೂರ್ನಿ ಗೆದ್ದಿತ್ತು. 1946–47ರ ಸಂತೋಷ್ ಟ್ರೋಫಿಯಲ್ಲಿ (ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ) ಮೈಸೂರು ಬಂಗಾಳವನ್ನೇ ಸೋಲಿಸಿತು. ಹಾಗಾಗಿ 1948ರ ಲಂಡನ್ ಒಲಿಂಪಿಕ್ಸ್‌ಗೆ, ಸ್ವತಂತ್ರ ಭಾರತದ ಮೊದಲ ದೊಡ್ಡ ಟೂರ್ನಿಗೆ, ಇಲ್ಲಿಂದ ಎಸ್. ರಾಮನ್, ಅಹ್ಮದ್ ಖಾನ್, ಕೆ.ಪಿ. ಧನರಾಜ್, ಗೋಲ್‌ಕೀಪರ್ ಕೆ.ವಿ. ವರದರಾಜ್ ಮುಂತಾದವರು ಹೋದರು. ನಾಯಕ ನಾಗಾ ಬೆಟ್ಟಗಳ ಟಿ. ಆವೊ, ವೈದ್ಯಕೀಯ ಓದಿದವರು.

ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು ಅಥವಾ ಕಾಲಿಗೆ ಬಟ್ಟೆ ಪಟ್ಟಿ. ಎರಡು ಪೆನಾಲ್ಟಿ ಕೈತಪ್ಪಿದವು. ಫ್ರಾನ್ಸ್ ಮುಂದಿದ್ದಾಗ 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು, ಬೆಂಗಳೂರಿನ ಕಾಲಿನಿಂದ. ಇನ್ನೇನು ಮುಗಿಯಿತು ಎನ್ನುವಾಗ ಫ್ರಾನ್ಸ್ ಎರಡನೆಯದನ್ನು ಹೊಡೆದು 2-1ರಿಂದ ಗೆದ್ದಿತು. ಲಂಡನ್ ಜನ ಎದ್ದು ಚಪ್ಪಾಳೆ ತಟ್ಟಿದ್ದು ಸೋತವರಿಗೆ.

ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ ‘ಪಂಚ ಪಾಂಡವರು’ ಎಂದು ಜನ ಕರೆದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರು. ಆ ಐವರಲ್ಲಿ ಧನರಾಜ್, ವೆಂಕಟೇಶ್ ಕೂಡ ಬೆಂಗಳೂರಿನವರೇ. 1951ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ನಮ್ಮನ್ನು ಸೋಲಿಸಿದಾಗ ಆ ಒಂದು ಗೋಲೂ ಅವರದೇ. ಆ ಚಳಿಯ ಸೋಲಿನ ನಂತರ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಅವರು 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಬೂಟು ತೊಟ್ಟ ಹೊಸ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂತು. ಮೂರು ಗೋಲು ನೆವಿಲ್ ಡಿಸೋಜಾ ಅವರವು; ಮಧ್ಯದ ಸಾಲಿನಲ್ಲಿದ್ದವರು ನಮ್ಮ ಕೆಂಪಯ್ಯ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಕಡೆ ಇವತ್ತು ಚೆಂಡು ಒದೆಯುವ ಹುಡುಗರಿಗೆ ಯುರೋಪಿನ ಕ್ಲಬ್ಬುಗಳ ಹೆಸರೆಲ್ಲ ಬಾಯಿಪಾಠ. ರಾಮನ್, ಅಹ್ಮದ್ ಖಾನ್, ಕೆಂಪಯ್ಯ ಯಾರೆಂದು ಅವರಿಗೆ ಹೇಳುವ ಕೆಲಸ ಅಲ್ಲಿನ ಕೋಚ್‌ಗಳದು, ನಮ್ಮದು.